ಹಾಸ್ಟೆಲ್ ಕೋಣೆಯಲ್ಲಿ ಜೊತೆಗಾರ ಬದಲಾದಾಗ

ಕಾಲೇಜು ಶುರುವಾಗಿ ಒಂದೆರಡು ತಿಂಗಳು ಕಳೆದಿರುತ್ತದೆ. ಯಾರು ಮೊದಲು ಸ್ನಾನಕ್ಕೆ ಹೋಗಬೇಕು, ಫ್ಯಾನು ಎಷ್ಟು ಜೋರಾಗಿ ತಿರುಗಬೇಕು, ಊರಿನಿಂದ ಬಂದ ಚಕ್ಕುಲಿ ಡಬ್ಬಿ ಎಲ್ಲಿರಬೇಕು ಎಂಬುದೆಲ್ಲ ಮಾತಿಲ್ಲದೆಯೇ ತೀರ್ಮಾನವಾಗಿರುತ್ತದೆ. ಅಷ್ಟರಲ್ಲಿ ಒಂದು ಸಂಜೆ ರೂಮ್‌ಮೇಟ್ ಸಾಮಾನು ಕಟ್ಟತೊಡಗುತ್ತಾನೆ. ಮೂರು ದಿನ ಕಳೆಯುವುದರೊಳಗೆ ಅದೇ ಮಂಚದ ಮೇಲೆ ಗುರುತು ಪರಿಚಯವಿಲ್ಲದ ಒಬ್ಬ ಹುಡುಗ ಹಾಸಿಗೆ ಬಿಚ್ಚುತ್ತಿರುತ್ತಾನೆ. ಆ ರಾತ್ರಿಯೇ ಮನೆಗೆ ಫೋನು ಹೋಗುತ್ತದೆ: ‘ಅಪ್ಪಾ, ನನಗೆ ಇಲ್ಲಿ ಇರೋಕೆ ಆಗಲ್ಲ.’

ಕರ್ನಾಟಕದ ವೃತ್ತಿಶಿಕ್ಷಣ ಕಾಲೇಜುಗಳ ಹಾಸ್ಟೆಲುಗಳಲ್ಲಿ ಇದು ಪ್ರತಿವರ್ಷ ನಡೆಯುವ ಸಂಗತಿ. 1994ರಲ್ಲಿ ರಾಜ್ಯದಲ್ಲಿ ಸಿಇಟಿ ಆರಂಭವಾದಂದಿನಿಂದ ಸೀಟು ಹಂಚಿಕೆ ಸುತ್ತು ಸುತ್ತಾಗಿ ನಡೆಯುತ್ತ ಬಂದಿದೆ. ವೈದ್ಯಕೀಯ ಸೀಟುಗಳು ನೀಟ್ ಮೂಲಕ ಹಂಚಿಕೆಯಾಗತೊಡಗಿದ ಮೇಲೆ ಅಖಿಲ ಭಾರತ ಕೋಟಾದ ಸುತ್ತುಗಳೂ ಅದರೊಡನೆ ಸೇರಿಕೊಂಡಿವೆ. ಎಂಜಿನಿಯರಿಂಗ್‌ಗೆ ಸೇರಿ ತರಗತಿಗೆ ಹೋಗುತ್ತಿದ್ದ ಹುಡುಗನಿಗೆ ಕೊನೆಯ ಸುತ್ತಿನಲ್ಲಿ ವೈದ್ಯಕೀಯ ಸೀಟು ಸಿಕ್ಕಿದರೆ ಅವನು ರಾತ್ರೋರಾತ್ರಿ ಹೊರಡುತ್ತಾನೆ. ಡಿಪ್ಲೊಮಾ ಮುಗಿಸಿದವರು ನೇರವಾಗಿ ಮೂರನೆಯ ಸೆಮಿಸ್ಟರಿಗೆ ಬಂದು ಸೇರುತ್ತಾರೆ. ಮೆಸ್ ಊಟ ಹಿಡಿಸದವರು ಪಿ.ಜಿ.ಗೆ ಹೋಗುತ್ತಾರೆ. ಚಾವಣಿ ಸೋರುವ ಬ್ಲಾಕಿನವರನ್ನು ರಿಪೇರಿ ಮುಗಿಯುವವರೆಗೆ ಬೇರೆ ಬ್ಲಾಕಿಗೆ ಹಾಕುತ್ತಾರೆ. ಖಾಲಿಯಾದ ಮಂಚವನ್ನು ಯಾವ ವಾರ್ಡನ್ನರೂ ಖಾಲಿ ಬಿಡುವುದಿಲ್ಲ, ಬಿಡುವಂತೆಯೂ ಇಲ್ಲ. ಕಾಯುವವರ ಪಟ್ಟಿ ಉದ್ದವಾಗಿರುತ್ತದೆ.

ಆದ್ದರಿಂದ ಈ ಬದಲಾವಣೆಯನ್ನು ಯಾರೋ ತನಗೆ ಮಾಡಿದ ಅನ್ಯಾಯವೆಂದು ವಿದ್ಯಾರ್ಥಿ ಭಾವಿಸಬೇಕಾಗಿಲ್ಲ. ಆದರೂ ಅದು ನೋಯಿಸುತ್ತದೆ ಎಂಬುದು ನಿಜ. ಮನೆ ಬಿಟ್ಟು ಬಂದ ಮಗುವಿಗೆ ಮೊದಲ ಗೆಳೆಯ ಹೋದದ್ದು ಸಣ್ಣ ಮಾತಲ್ಲ. ಆ ನೋವನ್ನು ಹೊಸದಾಗಿ ಬಂದವನ ತಲೆಗೆ ಕಟ್ಟುವುದರಿಂದಲೇ ಎಷ್ಟೋ ಕೋಣೆಗಳಲ್ಲಿ ಮನಸ್ತಾಪ ಆರಂಭವಾಗುತ್ತದೆ. ಹಳೆಯವನಿಗೆ ಹೋಲಿಸಿದರೆ ಹೊಸಬ ಯಾವಾಗಲೂ ಕಡಿಮೆಯೇ. ಹಳೆಯವನ ಜೊತೆ ಹೊಂದಿಕೊಳ್ಳಲೂ ಆರಂಭದಲ್ಲಿ ಕೆಲವು ವಾರ ಹಿಡಿದಿತ್ತೆಂಬುದು ಅಷ್ಟರಲ್ಲಿ ಮರೆತುಹೋಗಿರುತ್ತದೆ.

ಮೊದಲ ವಾರದ ನಿದ್ದೆ

ಮೊದಲ ವಾರದ ಸಿಡಿಮಿಡಿಗೆ ಶರೀರದ ಕಾರಣವೂ ಒಂದಿದೆ. ಅಪರಿಚಿತ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲವೆಂಬುದು ಎಲ್ಲರ ಅನುಭವ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಸಂಶೋಧನೆ ಇದರ ಮೇಲೆ ಬೆಳಕು ಚೆಲ್ಲಿತು. ಹೊಸ ಜಾಗದಲ್ಲಿ ಮೊದಲ ರಾತ್ರಿ ಗಾಢ ನಿದ್ದೆಯ ಹೊತ್ತಿನಲ್ಲಿಯೂ ಮಿದುಳಿನ ಎಡಭಾಗ ಬಲಭಾಗಕ್ಕಿಂತ ಹೆಚ್ಚು ಎಚ್ಚರವಾಗಿರುತ್ತದೆ, ಅಪರಿಚಿತ ಸದ್ದಿಗೆ ಬೇಗ ಓಗೊಡುತ್ತದೆ ಎಂದು ಅವರು ಕಂಡುಕೊಂಡರು. ಜಾಗ ಪರಿಚಯವಾದ ಮೇಲೆ ಈ ಕಾವಲು ತಾನಾಗಿ ಸಡಿಲವಾಗುತ್ತದೆ.

ಹೊಸದಾಗಿ ಬಂದ ಹುಡುಗನ ಸ್ಥಿತಿ ನೇರವಾಗಿ ಇದೇ. ಹಳಬನಿಗೆ ಜಾಗ ಹೊಸತಲ್ಲ, ಆದರೆ ಪಕ್ಕದ ಮಂಚದ ಕಿರ್ರೆಂಬ ಸದ್ದು, ಹೊಸ ಗೊರಕೆ, ಬೇರೆ ಅಲಾರಂ ಎಲ್ಲವೂ ಹೊಸತು. ಇಬ್ಬರೂ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ. ನಿದ್ದೆಗೆಟ್ಟವನಿಗೆ ಬಕೆಟ್ಟಿನ ಸದ್ದೂ ಜಗಳದ ಕಾರಣವಾಗಿ ಕಾಣುತ್ತದೆ. ಹೀಗಾಗಿ ಮೊದಲ ಒಂದು ವಾರ ಹೊಸ ಜೊತೆಗಾರ ಒಳ್ಳೆಯವನೋ ಕೆಟ್ಟವನೋ ಎಂಬ ತೀರ್ಪು ಕೊಡದಿರುವುದು ಜಾಣತನ. ರೂಮ್ ಬದಲಾಯಿಸಲು ಅರ್ಜಿಯನ್ನು ಆ ವಾರದಲ್ಲಿ ಬರೆಯಲೇಬಾರದು.

ಬೇಗ ಏಳುವವನು ಶಿಸ್ತಿನವನು, ತಡವಾಗಿ ಮಲಗುವವನು ಸೋಮಾರಿ ಎಂಬ ಎಣಿಕೆ ಅನೇಕ ಮನೆಗಳಲ್ಲಿದೆ. ವಿಜ್ಞಾನ ಅದನ್ನು ಪೂರ್ತಿ ಒಪ್ಪುವುದಿಲ್ಲ. ನಿದ್ದೆ ಎಚ್ಚರಗಳನ್ನು ನಡೆಸುವ ಒಂದು ಗಡಿಯಾರ ಶರೀರದೊಳಗಿದೆ. ಹದಿಹರೆಯದಲ್ಲಿ ಅದು ತುಸು ತಡವಾಗಿ ನಡೆಯತೊಡಗುತ್ತದೆ, ಇಪ್ಪತ್ತರ ಆಸುಪಾಸಿನಿಂದ ನಿಧಾನವಾಗಿ ಮತ್ತೆ ಹಿಂದಕ್ಕೆ ಸರಿಯುತ್ತದೆ. ಒಬ್ಬರಿಂದೊಬ್ಬರಿಗೆ ಇದರಲ್ಲಿ ವ್ಯತ್ಯಾಸವೂ ಇದೆ, ಅದರಲ್ಲಿ ಅನುವಂಶೀಯತೆಯ ಪಾಲೂ ಇದೆ. ಮಧ್ಯರಾತ್ರಿ ಓದುವವನೂ ಬೆಳಗಿನ ಜಾವ ಓದುವವನೂ ಒಂದೇ ಕೋಣೆಗೆ ಬಿದ್ದರೆ ಅಲ್ಲಿ ಇಬ್ಬರದೂ ತಪ್ಪಿಲ್ಲ.

ಬೆಳಕು ಮತ್ತು ಸದ್ದು

ಉದಾಹರಣೆಗೆ ಇಂಥ ಒಂದು ಕೋಣೆ. ಮಹಿಳಾ ಹಾಸ್ಟೆಲಿನಲ್ಲಿ ಮಂಡ್ಯ ಕಡೆಯ ಒಬ್ಬ ಹುಡುಗಿ. ಅವಳ ಗೆಳತಿಗೆ ವೈದ್ಯಕೀಯ ಸೀಟು ಸಿಕ್ಕಿ ಹೊರಟುಹೋದ ಮೇಲೆ ರಾಯಚೂರು ಜಿಲ್ಲೆಯಿಂದ ಬಂದ ಇನ್ನೊಬ್ಬಳು ಆ ಮಂಚಕ್ಕೆ ಬಂದಳು. ಹೊಸಬಳು ಬೆಳಿಗ್ಗೆ ನಾಲ್ಕಕ್ಕೇ ಎದ್ದು ಟ್ಯೂಬ್‌ಲೈಟ್ ಹಾಕಿ ಬಾಯಿಬಿಟ್ಟು ಓದುತ್ತಾಳೆ. ಎರಡು ವಾರ ಹಳಬಳು ಏನೂ ಹೇಳಲಿಲ್ಲ. ಮುಸುಕೆಳೆದುಕೊಂಡಳು, ಬಾಗಿಲನ್ನು ತುಸು ಜೋರಾಗಿ ಹಾಕಿದಳು, ಪಕ್ಕದ ಕೋಣೆಯವರ ಹತ್ತಿರ ದೂರಿದಳು. ಮನೆಗೆ ದಿನವೂ ಫೋನು. ಕೊನೆಗೊಂದು ಭಾನುವಾರ ಬಟ್ಟೆ ಒಣಗಿಸುವಾಗ ಮಾತು ಬಂತು.

‘ಬೇಜಾರ್ ಮಾಡ್ಕೋಬೇಡ ಕಣೆ. ನಾನು ಮಲಗೋದೇ ಒಂದು ಗಂಟೆಗೆ. ನಾಲ್ಕಕ್ಕೆ ನೀನು ಲೈಟ್ ಹಾಕಿದ್ರೆ ಮತ್ತೆ ನಿದ್ದೆನೇ ಬರಲ್ಲ.’

‘ನೀ ಮಲಗೀದಿ ಅಂತ ಸಣ್ಣಗ ಓದಾಕತ್ತಿದ್ದೆ. ಬಾಯಿಲೆ ಓದಲಿಲ್ಲಂದ್ರ ನಂಗ ತಲ್ಯಾಗ ಹೋಗಂಗಿಲ್ಲ. ಮತ್ತ ನೀ ರಾತ್ರಿ ಒಂದರ ತನಕ ಲೈಟ್ ಹಚ್ಚತೀಯಲ್ಲ, ನಾ ಏನರ ಅಂದೀನೇನು?’

ಎರಡು ವಾರ ತಾನೊಬ್ಬಳೇ ಸಹಿಸುತ್ತಿದ್ದೇನೆಂದು ನಂಬಿದ್ದವಳಿಗೆ ಎದುರಿನವಳೂ ಅಷ್ಟೇ ಸಹಿಸುತ್ತಿದ್ದಳೆಂಬುದು ಆಗ ತಿಳಿಯಿತು. ಬಹುಪಾಲು ಕೋಣೆಗಳಲ್ಲಿ ಗಂಟು ಇರುವುದು ಇಲ್ಲಿಯೇ.

ಇದಕ್ಕೆ ಪರಿಹಾರವನ್ನು ಪಿಯುಸಿಯಲ್ಲಿ ಓದಿದ ಭೌತಶಾಸ್ತ್ರವೇ ಹೇಳುತ್ತದೆ. ದೀಪದಿಂದ ದೂರ ಹೋದಂತೆ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಪುಸ್ತಕದಿಂದ ಅರ್ಧ ಮೀಟರ್ ಎತ್ತರದಲ್ಲಿ ಒಂದು ಟೇಬಲ್‌ಲ್ಯಾಂಪ್ ಇಟ್ಟರೆ, ಎರಡೂವರೆ ಮೀಟರ್ ಆಚೆಗಿರುವ ದಿಂಬಿಗೆ ನೇರವಾಗಿ ತಲುಪುವ ಬೆಳಕು ಪುಸ್ತಕಕ್ಕೆ ಬೀಳುವ ಬೆಳಕಿನ ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ. ದೀಪದ ಮುಚ್ಚಳವನ್ನು ಗೋಡೆಯ ಕಡೆಗೆ ತಿರುಗಿಸಿದರೆ ಅದೂ ಇಲ್ಲ. ಚಾವಣಿಯ ಟ್ಯೂಬ್‌ಲೈಟಿಗಾದರೋ ಇಬ್ಬರೂ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತಾರೆ. ರಾತ್ರಿಯ ಹೊತ್ತು ಕಣ್ಣಿಗೆ ಬೀಳುವ ಪ್ರಖರ ಬೆಳಕು, ನಿದ್ದೆಯ ಹೊತ್ತನ್ನು ಶರೀರಕ್ಕೆ ತಿಳಿಸುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ. ಆದ್ದರಿಂದ ಟೇಬಲ್‌ಲ್ಯಾಂಪ್‌ಗೆ ಕೊಡುವ ಹಣ ದಂಡವಲ್ಲ.

ಸದ್ದಿನ ಸ್ವಭಾವ ಬೇರೆ. ಬಯಲಿನಲ್ಲಿ ಅದೂ ದೂರಕ್ಕೆ ತಕ್ಕಂತೆ ಕುಗ್ಗುತ್ತದೆ. ನಾಲ್ಕು ಗೋಡೆಗಳ ಸಣ್ಣ ಕೋಣೆಯಲ್ಲಿ ಗೋಡೆಗಳಿಗೆ ಬಡಿದು ಮತ್ತೆ ಮತ್ತೆ ಹಿಂದಿರುಗುತ್ತದೆ. ಸಿಮೆಂಟಿನ ಗೋಡೆ ಸದ್ದನ್ನು ಹೀರುವುದು ಬಹಳ ಕಡಿಮೆ. ಮೂಲೆಯಲ್ಲಿ ಪಿಸುಗುಟ್ಟಿದ ಮೊಬೈಲ್ ಮಾತೂ ಎದುರು ಮೂಲೆಗೆ ಕೇಳುತ್ತದೆ. ಬೆಳಕನ್ನು ಕೋಣೆಯೊಳಗೇ ಪಾಲು ಮಾಡಿಕೊಳ್ಳಬಹುದು, ಸದ್ದನ್ನು ಹಾಗೆ ಮಾಡಲಾಗದು. ಬಾಯಿಬಿಟ್ಟು ಓದುವವಳು ರೀಡಿಂಗ್ ರೂಮಿಗೋ ವರಾಂಡಕ್ಕೋ ಹೋಗುವುದು, ಫೋನಿನಲ್ಲಿ ಮಾತಾಡುವವಳು ಹೊರಗೆ ನಿಂತು ಮಾತಾಡುವುದು ನ್ಯಾಯ. ಆ ಇಬ್ಬರು ಹುಡುಗಿಯರೂ ಇದೇ ತೀರ್ಮಾನಕ್ಕೆ ಬಂದರು: ಹನ್ನೊಂದರ ಮೇಲೆ ಐದೂವರೆಯವರೆಗೆ ಟ್ಯೂಬ್‌ಲೈಟ್ ಇಲ್ಲ, ಓದುವುದು ಟೇಬಲ್‌ಲ್ಯಾಂಪ್‌ನಲ್ಲಿ, ಬಾಯಿಪಾಠ ವರಾಂಡದಲ್ಲಿ. ಅವರು ಆಪ್ತ ಗೆಳತಿಯರಾಗಲಿಲ್ಲ. ಇಬ್ಬರಿಗೂ ನಿದ್ದೆ ಮಾತ್ರ ಬಂತು.

ಮಾತಾಡಿಕೊಳ್ಳಬೇಕಾದ ಐದು ವಿಷಯ

ಒಂದು ಕೋಣೆಯಲ್ಲಿ ಇಬ್ಬರು ನೆಮ್ಮದಿಯಿಂದ ಇರಲು ಸ್ನೇಹ ಬೇಕೇಬೇಕೆಂದಿಲ್ಲ. ನಾಲ್ಕಾರು ಸಣ್ಣ ವಿಷಯಗಳಲ್ಲಿ ಸ್ಪಷ್ಟವಾದ ಒಪ್ಪಂದವಿದ್ದರೆ ಸಾಕು. ಸ್ನೇಹ ಆಮೇಲೆ ಬಂದರೆ ಬರಲಿ. ಹೊಸಬ ಬಂದ ಒಂದು ವಾರದ ನಂತರ, ಇಬ್ಬರೂ ಹಸಿದಿರದ, ಮರುದಿನ ಇಂಟರ್ನಲ್ಸ್ ಇಲ್ಲದ ಹೊತ್ತು ನೋಡಿ ಈ ಐದು ವಿಷಯ ಮಾತಾಡಿಕೊಳ್ಳಬೇಕು.

ಮೊದಲನೆಯದು ಮಲಗುವ ಮತ್ತು ದೀಪ ಆರಿಸುವ ಸಮಯ. ಎರಡನೆಯದು ಸದ್ದು: ಫೋನು, ಹಾಡು, ಅಲಾರಂ. ಅಲಾರಂ ಎರಡು ಸಲ ಹೊಡೆದ ಮೇಲೆ ಎಬ್ಬಿಸಬಹುದೋ ಬೇಡವೋ ಎಂಬುದನ್ನೂ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಮೂರನೆಯದು ಕೋಣೆಗೆ ಬರುವ ಗೆಳೆಯರು: ಎಷ್ಟು ಹೊತ್ತಿನವರೆಗೆ, ಯಾರ ಮಂಚದ ಮೇಲೆ ಕೂರಬಹುದು. ನಾಲ್ಕನೆಯದು ವಸ್ತುಗಳು. ಸೋಪು, ಚಾರ್ಜರ್, ಕ್ಯಾಲ್ಕುಲೇಟರ್, ಊರಿನ ತಿಂಡಿ ಇವುಗಳಲ್ಲಿ ಯಾವುದನ್ನು ಕೇಳದೆ ಮುಟ್ಟಬಹುದು, ಯಾವುದನ್ನು ಕೇಳಿಯೇ ತೆಗೆದುಕೊಳ್ಳಬೇಕು ಎಂಬುದು ಮೊದಲೇ ತಿಳಿದಿರಬೇಕು. ಹಣದ ಸಾಲ ಬೇಡವೆಂದು ಆಗಲೇ ನಗುನಗುತ್ತ ಹೇಳಿಬಿಟ್ಟರೆ ಇಬ್ಬರಿಗೂ ಕ್ಷೇಮ. ಐದನೆಯದು ಕಸ ಗುಡಿಸುವ ಸರದಿ.

ಹೇಳುವ ರೀತಿಯೂ ಮುಖ್ಯ. ‘ನೀನು ಯಾವಾಗಲೂ ಗಲಾಟೆ ಮಾಡ್ತೀಯ’ ಎಂಬ ಮಾತಿಗೆ ‘ನೀನೇನು ಕಡಿಮೆಯಾ’ ಎಂಬುದೊಂದೇ ಉತ್ತರ. ‘ನಿನ್ನೆ ಹನ್ನೆರಡರವರೆಗೆ ಫೋನಿನಲ್ಲಿ ಮಾತಾಡ್ತಿದ್ದೆ, ನನಗೆ ನಿದ್ದೆ ಬರಲಿಲ್ಲ, ಹೊರಗೆ ಮಾತಾಡ್ತೀಯಾ?’ ಎಂದರೆ ಒಂದು ಕೆಲಸ ಕೇಳಿದಂತಾಗುತ್ತದೆ. ಅದನ್ನು ಮಾಡಬಹುದು, ಮಾಡದಿರಬಹುದು, ಜಗಳವಂತೂ ಆಗಬೇಕಿಲ್ಲ.

ಈ ಮಾತುಕತೆಗೆ ಮೊದಲು ಹಳಬನ ಪಾಲಿನ ಒಂದು ಕರ್ತವ್ಯವಿದೆ. ಕಪಾಟಿನ ಅರ್ಧ ಭಾಗ ಖಾಲಿ ಮಾಡಿ, ಕಿಟಕಿಯ ಬದಿಯ ಮೇಜಿನ ಮೇಲೆ ಹರಡಿದ್ದ ಪುಸ್ತಕ ತೆಗೆದು, ಎರಡನೆಯ ಕೀಲಿಕೈ ಕೊಟ್ಟು, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಮೆಸ್ಸಿನಲ್ಲಿ ಚಪಾತಿ ಯಾವಾಗ ಮುಗಿಯುತ್ತದೆ ಎಂದು ಹೇಳಬೇಕು. ಹೊಸಬ ಸೀಟು ತಡವಾಗಿ ಸಿಕ್ಕಿ ಬಂದಿರಬಹುದು, ಒಂದು ವರ್ಷ ಕಳೆದುಕೊಂಡಿರಬಹುದು, ಇನ್ನೊಂದು ಕೋಣೆಯಲ್ಲಿ ನೊಂದು ಬಂದಿರಬಹುದು. ಅವನು ತಾನಾಗಿ ಹೇಳುವವರೆಗೆ ರ್‍ಯಾಂಕ್ ಎಷ್ಟು, ಅಂಕ ಎಷ್ಟು ಎಂದು ಕೆದಕದಿರುವುದೇ ಸೌಜನ್ಯ.

ಸಹವಾಸದ ಪ್ರಭಾವ

ಜೊತೆಗಾರ ಚೆನ್ನಾಗಿ ಓದದಿದ್ದರೆ ತಮ್ಮ ಮಗನೂ ಹಾಳಾಗುತ್ತಾನೆಂಬ ಭಯ ಹೆತ್ತವರಿಗಿದೆ. ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಮೊದಲ ವರ್ಷದವರ ರೂಮ್‌ಮೇಟುಗಳು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತಿದ್ದರು. ಅರ್ಥಶಾಸ್ತ್ರಜ್ಞ ಬ್ರೂಸ್ ಸೆಸರ್‌ಡೋಟ್ ಅದನ್ನೇ ಒಂದು ಪ್ರಯೋಗವಾಗಿ ಬಳಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ರೂಮ್‌ಮೇಟಿನ ಪ್ರಭಾವ ಅಂಕಗಳ ಮೇಲೆ ಬೀಳುತ್ತದೆ, ಯಾವ ಸಂಘ ಸೇರುತ್ತಾರೆಂಬುದರ ಮೇಲೂ ಬೀಳುತ್ತದೆ, ಆದರೆ ಯಾವ ವಿಷಯವನ್ನು ಮುಖ್ಯವಾಗಿ ಆರಿಸಿಕೊಳ್ಳುತ್ತಾರೆಂಬುದರ ಮೇಲೆ ಕಾಣಲಿಲ್ಲ. ಕೆಂಟಕಿಯ ಬೆರಿಯಾ ಕಾಲೇಜಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ರೂಮ್‌ಮೇಟ್ ವಿಡಿಯೋ ಗೇಮ್ ತಂದಿದ್ದ ಕೋಣೆಗಳಲ್ಲಿ ವಿದ್ಯಾರ್ಥಿಗಳು ಓದುವ ಸಮಯ ಕಡಿಮೆಯಾಯಿತು, ಅಂಕಗಳೂ ಇಳಿದವು.

ಎರಡನೆಯ ಅಧ್ಯಯನ ಹೆತ್ತವರು ಗಮನಿಸಬೇಕಾದದ್ದು. ಅಲ್ಲಿ ಕೆಲಸ ಮಾಡಿದ್ದು ಜೊತೆಗಾರನ ಬುದ್ಧಿಮಟ್ಟವಲ್ಲ, ಕೋಣೆಯಲ್ಲಿ ಕಳೆದ ಗಂಟೆಗಳು. ಗಂಟೆಗಳನ್ನು ಉಳಿಸಿಕೊಳ್ಳುವ ಉಪಾಯವಿದೆ. ಸಂಜೆ ಆರರಿಂದ ಎಂಟರವರೆಗೆ ಗ್ರಂಥಾಲಯದಲ್ಲಿ ಕುಳಿತು ಬರುವ ಹುಡುಗನಿಗೆ ಕೋಣೆಯ ಆಟ ಅಷ್ಟಾಗಿ ತಟ್ಟದು. ಓದು ಕೋಣೆಯನ್ನೊಂದೇ ನೆಚ್ಚಿಕೊಂಡಿರಬಾರದು.

ಹೆತ್ತವರ ಮೊದಲ ಪ್ರಶ್ನೆ

ಹೊಸ ರೂಮ್‌ಮೇಟ್ ಬಂದನೆಂದು ತಿಳಿದಾಗ ಅನೇಕ ಮನೆಗಳಿಂದ ಬರುವ ಮೊದಲ ಪ್ರಶ್ನೆ, ‘ಯಾವ ಜನವಂತೆ?’ ಎಂಬುದು. ಈ ಪ್ರಶ್ನೆ ಮಗುವಿನ ಕಿವಿಯ ಮೂಲಕ ಕೋಣೆಯೊಳಕ್ಕೆ ಹೋಗಿ ಕೂರುತ್ತದೆ. ಆಮೇಲೆ ಹೊಸಬನ ತಟ್ಟೆ, ಲೋಟ, ಪೂಜೆ, ನಮಾಜು, ಮೊಟ್ಟೆ ಎಲ್ಲವೂ ಅದರ ಕನ್ನಡಕದಿಂದಲೇ ಕಾಣತೊಡಗುತ್ತವೆ. ಕೋಣೆಗೆ ಮಾಂಸದ ಊಟ ತರಬೇಕೇ ಬೇಡವೇ, ಊದುಬತ್ತಿಯ ಹೊಗೆ ಆಗುತ್ತದೆಯೇ ಇಲ್ಲವೇ ಎಂಬುದು ಇಬ್ಬರು ಕೂತು ಮಾತಾಡಬಹುದಾದ ವಿಷಯ. ಜಾತಿ ಹಾಗಲ್ಲ. ಆ ಕಾರಣಕ್ಕೆ ಕೋಣೆ ಬದಲಿಸಿಕೊಡಿ ಎಂದು ಕೇಳುವುದು ತಪ್ಪು. ಹಾಸ್ಟೆಲ್, ಮೆಸ್ಸುಗಳಲ್ಲಿ ಜಾತಿಯ ಆಧಾರದಿಂದ ವಿದ್ಯಾರ್ಥಿಗಳನ್ನು ಬೇರ್ಪಡಿಸುವುದನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2012ರ ನಿಯಮಗಳು ತಾರತಮ್ಯವೆಂದೇ ಗುರುತಿಸಿದವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಎಲ್ಲ ಜಾತಿಮತಗಳ ಸಾವಿರಾರು ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಂಡು, ಒಟ್ಟಿಗೆ ಓದಿ ಬೆಳೆದದ್ದು ಕನ್ನಡನಾಡಿಗೆ ಗೊತ್ತಿರುವ ಸಂಗತಿ.

ದೂರದ ಒಂದು ನಿದರ್ಶನವೂ ಇಲ್ಲಿ ಉಪಯುಕ್ತ. ವರ್ಣಭೇದ ನೀತಿಯಿಂದ ನಲುಗಿದ್ದ ದಕ್ಷಿಣ ಆಫ್ರಿಕದ ಕೇಪ್‌ಟೌನ್ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಬಿಳಿಯ ಮತ್ತು ಕಪ್ಪು ವಿದ್ಯಾರ್ಥಿಗಳು ಆಯ್ಕೆಯಿಲ್ಲದೆ ಒಂದೇ ಕೋಣೆಗೆ ಬಿದ್ದಾಗ ಏನಾಗುತ್ತದೆಂದು ಸಂಶೋಧಕರು ನೋಡಿದರು. 2022ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಬಿಳಿಯ ವಿದ್ಯಾರ್ಥಿಗಳಲ್ಲಿ ಕಪ್ಪು ಜನರ ಬಗೆಗಿದ್ದ ಪೂರ್ವಗ್ರಹ ಕಡಿಮೆಯಾಯಿತು. ಕಪ್ಪು ವಿದ್ಯಾರ್ಥಿಗಳ ಅಂಕಗಳು ಸುಧಾರಿಸಿದವು. ಅವರು ಒಬ್ಬರನ್ನೊಬ್ಬರು ಆರಿಸಿಕೊಂಡವರಲ್ಲ, ಕೋಣೆ ಅವರನ್ನು ಸೇರಿಸಿತ್ತು ಅಷ್ಟೆ.

ತಂದೆ ತಾಯಿ ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಏನಾಯಿತು? ನೀನು ಅವನಿಗೆ ಏನು ಹೇಳಿದೆ? ಅವನು ಏನಂದ? ಎರಡನೆಯ ಪ್ರಶ್ನೆಗೆ ‘ಏನೂ ಹೇಳಿಲ್ಲ’ ಎಂಬ ಉತ್ತರ ಬಂದರೆ, ಮೊದಲು ಮಾತಾಡಿ ನೋಡು ಎಂದು ಹೇಳುವುದೇ ದೊಡ್ಡ ಸಹಾಯ. ಆ ಹುಡುಗನ ಮನೆಗೆ ನೇರವಾಗಿ ಫೋನು ಮಾಡುವುದರಿಂದ ಎರಡು ಮಕ್ಕಳ ಜಗಳ ಎರಡು ಮನೆಗಳ ಜಗಳವಾಗುತ್ತದೆ.

ಸಹಿಸಬಾರದ್ದು

ಹೊಂದಾಣಿಕೆಗೂ ಒಂದು ಗಡಿಯಿದೆ. ಅದನ್ನು ಹೆತ್ತವರೇ ಮಗುವಿಗೆ ಸ್ಪಷ್ಟವಾಗಿ ಹೇಳಿಕೊಟ್ಟಿರಬೇಕು. ಹೊಡೆತ, ಬೆದರಿಕೆ, ಮೈಮುಟ್ಟುವುದು, ಒಪ್ಪಿಗೆಯಿಲ್ಲದೆ ಫೋಟೊ ತೆಗೆಯುವುದು, ಕಳವು, ಕೋಣೆಯಲ್ಲಿ ಮಾದಕ ವಸ್ತು, ಜಾತಿ ಹೆಸರು ಹಿಡಿದು ಅವಮಾನಿಸುವುದು, ಹಿರಿಯನೆಂಬ ಹೆಸರಿನಲ್ಲಿ ಬಟ್ಟೆ ಒಗೆಸುವುದು, ಅಸೈನ್‌ಮೆಂಟ್ ಬರೆಸುವುದು. ಇವು ‘ಅಡ್ಜಸ್ಟ್ ಮಾಡ್ಕೋ’ ಎಂದು ಹೇಳುವ ವಿಷಯಗಳಲ್ಲ. ಅದೇ ದಿನ ವಾರ್ಡನ್ನರಿಗೆ ತಿಳಿಸಬೇಕು. ಆಯೋಗದ 2009ರ ರ್‍ಯಾಗಿಂಗ್ ತಡೆ ನಿಯಮಗಳ ಪ್ರಕಾರ ಹೊಸ ವಿದ್ಯಾರ್ಥಿಗಳಿಗೆ ಸಾಧ್ಯವಾದಷ್ಟೂ ಪ್ರತ್ಯೇಕ ಬ್ಲಾಕಿನಲ್ಲಿ ವಸತಿ ಕೊಡಬೇಕು. ವರ್ಷದ ನಡುವೆ ಮೊದಲ ವರ್ಷದವನ ಕೋಣೆಗೆ ಹಿರಿಯ ವಿದ್ಯಾರ್ಥಿಯನ್ನು ಹಾಕಿದ್ದರೆ ಕಾರಣ ಕೇಳುವ ಹಕ್ಕು ಹೆತ್ತವರಿಗಿದೆ. ಕಾಲೇಜಿನಲ್ಲಿ ಯಾರೂ ಕಿವಿಗೊಡದಿದ್ದರೆ 1800-180-5522 ಎಂಬ ರಾಷ್ಟ್ರೀಯ ಸಹಾಯವಾಣಿ ಹಗಲೂ ರಾತ್ರಿ ಇದೆ, ಕರೆಗೆ ಹಣವಿಲ್ಲ.

ಇನ್ನೊಂದು ಸಂದರ್ಭವೂ ಉಂಟು. ಕೆಲವೊಮ್ಮೆ ಕಷ್ಟದಲ್ಲಿರುವವನು ಹೊಸ ಜೊತೆಗಾರನೇ ಆಗಿರುತ್ತಾನೆ. ಊಟ ಬಿಟ್ಟಿದ್ದಾನೆ, ತರಗತಿಗೆ ಹೋಗುತ್ತಿಲ್ಲ, ಬದುಕಿ ಏನು ಪ್ರಯೋಜನ ಎನ್ನುತ್ತಾನೆ. ‘ಯಾರಿಗೂ ಹೇಳಬೇಡ’ ಎಂದು ಆಣೆ ಹಾಕಿಸಿಕೊಂಡಿದ್ದರೂ ಇದನ್ನು ವಾರ್ಡನ್ನರಿಗೋ ಅಧ್ಯಾಪಕರಿಗೋ ಅವನ ಮನೆಯವರಿಗೋ ಕೂಡಲೇ ಹೇಳಲೇಬೇಕು, ಹೇಳುವವರೆಗೆ ಅವನನ್ನು ಒಂಟಿಯಾಗಿ ಬಿಡಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಹದಿನೆಂಟರ ಹುಡುಗನೊಬ್ಬ ಇಂಥ ಭಾರವನ್ನು ತಾನೊಬ್ಬನೇ ಹೊರಲಾರ, ಹೊರಬೇಕಾಗಿಯೂ ಇಲ್ಲ.

ಇಷ್ಟೆಲ್ಲ ಗಂಭೀರವಲ್ಲದ, ಆದರೆ ಸರಿಹೋಗದ ಕೋಣೆಗಳೂ ಇರುತ್ತವೆ. ಮಾತಾಡಿ, ಮೂರು ನಾಲ್ಕು ವಾರ ಕಾದು, ಮತ್ತೊಮ್ಮೆ ಮಾತಾಡಿದ ಮೇಲೂ ಆಗದಿದ್ದರೆ ಬದಲಾವಣೆ ಕೇಳುವುದರಲ್ಲಿ ಸೋಲೇನೂ ಇಲ್ಲ. ಅರ್ಜಿಯನ್ನು ವಿದ್ಯಾರ್ಥಿಯೇ ಬರೆಯಬೇಕು. ಯಾವ ದಿನ ಏನು ನಡೆಯಿತು, ತಾನು ಏನು ಕೇಳಿಕೊಂಡೆ, ಏನು ಬದಲಾಗಲಿಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದು, ತಾರೀಖು ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಬೇಕು. ‘ಅವನ ನಡತೆ ಸರಿಯಿಲ್ಲ’ ಎಂದು ಬರೆದರೆ ವಾರ್ಡನ್ನರಿಗೆ ಏನೂ ತಿಳಿಯುವುದಿಲ್ಲ. ‘ಕಳೆದ ಹತ್ತು ದಿನಗಳಲ್ಲಿ ಆರು ರಾತ್ರಿ ಎರಡು ಗಂಟೆಯವರೆಗೆ ಕೋಣೆಯಲ್ಲಿ ನಾಲ್ಕು ಜನ ಇದ್ದರು’ ಎಂದರೆ ತಿಳಿಯುತ್ತದೆ. ಅರ್ಜಿ ಕೊಡುವ ಮುನ್ನ ಜೊತೆಗಾರನಿಗೂ ಒಂದು ಮಾತು ಹೇಳಿದರೆ ಕೋಣೆ ಬಿಟ್ಟ ಮೇಲೂ ಮೆಸ್ಸಿನಲ್ಲಿ ಮುಖ ನೋಡಿ ಮಾತಾಡಬಹುದು.

ಮುಂದಿನ ವರ್ಷ ಕೋಣೆ ಹಂಚುವಾಗ ಇಬ್ಬರೂ ಬೇರೆ ಬೇರೆ ಗೆಳೆಯರನ್ನು ಆರಿಸಿಕೊಂಡರೂ ಅದು ಯಾರಿಗೂ ಅವಮಾನವಲ್ಲ. ಆಗ ಟೇಬಲ್‌ಲ್ಯಾಂಪ್ ಯಾರದೆಂದು ಇಬ್ಬರಿಗೂ ಗೊತ್ತಿದ್ದರೆ, ಕೊಟ್ಟು ತೆಗೆದುಕೊಂಡ ಪುಸ್ತಕಗಳು ಅವರವರ ಚೀಲ ಸೇರಿದ್ದರೆ, ಹೊರಡುವವನು ಕೀಲಿಕೈಯನ್ನು ಮುಂದೆ ಬರುವವನಿಗಾಗಿ ಮೇಜಿನ ಮೇಲೆ ಇಟ್ಟುಹೋದರೆ ಸಾಕು.